ನಿನ್ನೆಯ ಸಾರು

ಮೊನ್ನೆ ಭಾನುವಾರ ಮಧ್ಯಾಹ್ನ ಒಂದೂವರೆ ಸುಮಾರಿಗೆ ಬೆಲ್ ಆಯಿತು. ಮೇಲಿನ ಮಹಡಿಯ ಗೆಳತಿ ಬಾಗಿಲಲ್ಲಿ ನಿಂತಿದ್ದರು. ಉಡುಪಿ ಕಡೆಯವರು. ಅಕ್ಕಿ ಅರ್ಧ ಬೆಂದಿರುವಾಗ ಗ್ಯಾಸ್ ಮುಗಿದಿದೆ, ಇನ್ನೊಂದು ಸಿಲಿಂಡರ್ ಬರುವುದು ಸಂಜೆಗಂತೆ. ಆ ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದುಕೊಂಡು ಇಳಿದು ಬಂದಿದ್ದರು. "ಹತ್ತು ನಿಮಿಷ ನಿಮ್ಮ ಒಲೆ ಮೇಲೆ ಇಡ್ಲಾ?" ಅಂದರು. ಅನ್ನ ಬೇಯಲಿ, ಊಟನೂ ಇಲ್ಲೇ ಮಾಡಿ ಅಂದೆ. ಮಾತು ಬಾಯಿಂದ ಬಂದ ಮೇಲೆ ನೆನಪಾಯಿತು, ಮನೆಯಲ್ಲಿ ಇದ್ದದ್ದು ಶನಿವಾರ ಮಾಡಿದ ಬಸ್ಸಾರು. ಹೊಸದಾಗಿ ಏನೂ ಮಾಡಿರಲಿಲ್ಲ. ತಟ್ಟೆ ಹಾಕುವಾಗ, "ಸಾರು ನಿನ್ನೆದು, ಬೇಜಾರು ಮಾಡ್ಕೋಬೇಡಿ" ಅಂದೆ.

ಅವರು ನನ್ನ ಮುಖ ನೋಡಿದರು. "ನಿನ್ನೆದಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮಾರಾಯ್ರೇ" ಅಂದರು. ಎರಡು ಸಲ ಹಾಕಿಸಿಕೊಂಡು ಉಂಡರು. ಮೂರನೇ ಸಲ ಬರೀ ಸಾರನ್ನೇ ಬಟ್ಟಲಿಗೆ ಕೇಳಿದರು. ಉಣ್ಣುತ್ತಾ ಅವರ ಮನೆಯ ಮೀನು ಸಾರಿನ ಕಥೆ ಹೇಳಿದರು. ತುಳುವಿನಲ್ಲಿ ನಿನ್ನೆಗೆ 'ಕೋಡೆ' ಅಂತಾರೆ. ಕೋಡೆದ ಮೀನು ಸಾರು ಅಂದರೆ ಅವರ ಮನೆಯಲ್ಲಿ ಅಣ್ಣ-ತಂಗಿಯರ ನಡುವೆ ಜಗಳವೇ ಆಗುತ್ತಿತ್ತಂತೆ. ರಾತ್ರಿ ಮಣ್ಣಿನ ಪಾತ್ರೆಯಲ್ಲೇ ಉಳಿಸಿಟ್ಟ ಬಂಗುಡೆ ಸಾರು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಬತ್ತಿಸಿ, ಕುಚ್ಚಲಕ್ಕಿ ಗಂಜಿ ಜೊತೆ. "ಮೊದಲ ದಿನದ್ದು ನೆಂಟರಿಗೆ, ಎರಡನೇ ದಿನದ್ದು ನಮಗೆ" ಅಂತ ಅವರ ಅಮ್ಮ ಹೇಳುತ್ತಿದ್ದರಂತೆ.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ನಾನು ಯಾಕೆ ಕ್ಷಮೆ ಕೇಳಿದೆ ಅನ್ನುವುದು ಮನಸ್ಸಿನಿಂದ ಹೋಗಲೇ ಇಲ್ಲ. ಯೋಚನೆ ಮಾಡಿ ಆಡಿದ ಮಾತಲ್ಲ ಅದು, ನಾಲಿಗೆ ತಾನಾಗಿ ಹೇಳಿಬಿಟ್ಟಿತು. ಅದೇ ಸಾರನ್ನು ಬೆಳಿಗ್ಗೆ ನಾನೊಬ್ಬಳೇ ರೊಟ್ಟಿ ಜೊತೆ ತಿನ್ನುವಾಗ ಶನಿವಾರಕ್ಕಿಂತ ಚೆನ್ನಾಗಿದೆ ಅಂತ ಅನ್ನಿಸಿತ್ತು. ಗೊತ್ತಿದ್ದೂ ನಾಚಿಕೆ ಪಟ್ಟುಕೊಂಡೆ. ಈ ನಾಚಿಕೆ ಎಲ್ಲಿಂದ ಬಂತು? ನಮ್ಮಜ್ಜಿಗೆ ಇರಲಿಲ್ಲ. ಅಜ್ಜಿಯ ಮನೆಯಲ್ಲಿ ನಿನ್ನೆಯ ಸಾರು ಅಂದರೆ ಪ್ರೀತಿ ಇದ್ದವರಿಗೆ ಎತ್ತಿಡುವಂಥದ್ದು.

ನೆಲುವಿನ ಮೇಲಿನ ಪಾತ್ರೆ

ನಮ್ಮೂರು ನಾಗಮಂಗಲ ತಾಲ್ಲೂಕಿನದ್ದು. ಮಂಡ್ಯ ಜಿಲ್ಲೆ ಅಂದ ತಕ್ಷಣ ಎಲ್ಲರೂ ಕಬ್ಬು, ಭತ್ತ, ನಾಲೆ ಅಂದುಕೊಳ್ಳುತ್ತಾರೆ. ನಮ್ಮ ಕಡೆ ನಾಲೆ ನೀರು ಬರದ ಹೊಲಗಳೇ ಜಾಸ್ತಿ. ಮಳೆ ನಂಬಿದ ಬೇಸಾಯ. ರಾಗಿ, ಹುರುಳಿ, ಅವರೆ, ಅಲಸಂದೆ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು. ಹಾಗಾಗಿ ಊಟವೂ ಅದರದ್ದೇ. ಮುದ್ದೆ, ಬಸ್ಸಾರು, ಉಪ್ಸಾರು, ಕಾಳಿನ ಸಾರು. ಹಬ್ಬಕ್ಕೆ ಅನ್ನ.

ನಾನು ಸಣ್ಣವಳಿದ್ದಾಗ ಅಪ್ಪನ ಕೆಲಸ ಬೆಂಗಳೂರಿನಲ್ಲಿತ್ತು. ಏಪ್ರಿಲ್ ರಜೆಗೆ ಊರಿಗೆ ಹೋಗುತ್ತಿದ್ದೆವು. ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಅದರಿಂದ ಇಳಿದು ಎರಡು ಮೈಲಿ ನಡೆದು ಮನೆ ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಒಂದು ವರ್ಷ ಹೋದದ್ದು ನನಗೆ ತುಂಬ ಚೆನ್ನಾಗಿ ನೆನಪಿದೆ. ನನಗೆ ಒಂಬತ್ತು ವರ್ಷ ಇರಬೇಕು. ಬರುವ ದಿನ ತಿಳಿಸಿ ಅಪ್ಪ ಇನ್ಲೆಂಡ್ ಲೆಟರ್ ಹಾಕಿದ್ದರು. ಫೋನು ಊರಲ್ಲೇ ಇರಲಿಲ್ಲ. ಜಗಲಿ ಮೇಲೆ ಲಾಟೀನು ಇಟ್ಟುಕೊಂಡು ಅಜ್ಜಿ ಕೂತಿದ್ದಳು. ಕಾಲು ತೊಳೆಯುವುದಕ್ಕೆ ನೀರು ಕೊಟ್ಟು ಒಳಗೆ ಕರೆದುಕೊಂಡು ಹೋದಳು. ಅಡುಗೆಮನೆಯ ತೊಲೆಯಿಂದ ನೆಲುವು ಇಳಿಬಿದ್ದಿತ್ತು. ತೆಂಗಿನ ನಾರಿನ ಹಗ್ಗದಲ್ಲಿ ಹೆಣೆದ ನೆಲುವು. ಬೆಕ್ಕಿಗೆ, ಇರುವೆಗೆ ಸಿಗದ ಹಾಗೆ ಎತ್ತರದಲ್ಲಿ. ಅದರ ಮೇಲಿಂದ ಒಂದು ಕರಿ ಮಡಕೆಯನ್ನು ಎರಡೂ ಕೈಯಲ್ಲಿ ಇಳಿಸಿ ಒಲೆ ಮೇಲೆ ಇಟ್ಟಳು.

"ಬತ್ತೀರ ಅಂತ ನೆನ್ನೇನೇ ಮಾಡ್ಮಡಗಿದ್ದೆ ಕಣ್ ಮಗ" ಅಂದಳು.

ಆಗ ಆ ಮಾತಿನಲ್ಲಿ ನನಗೆ ವಿಶೇಷ ಏನೂ ಕಾಣಲಿಲ್ಲ. ಈಗ ಅದನ್ನೇ ತಿರುಗಿ ತಿರುಗಿ ನೆನೆಯುತ್ತೇನೆ. ನೆಂಟರು ಬರುವ ದಿನ ಅಡುಗೆ ಮಾಡುವುದು ಎಲ್ಲರೂ ಮಾಡುವ ಕೆಲಸ. ಅಜ್ಜಿ ಒಂದು ದಿನ ಮೊದಲೇ ಮಾಡಿದ್ದಳು. ಹಿಂದಿನ ದಿನ ಹೊಲಕ್ಕೆ ಹೋಗಿ ಬೆರಕೆ ಸೊಪ್ಪು ಕಿತ್ತು, ಅಲಸಂದೆ ಕಾಳು ಬೇಯಿಸಿ, ಬಸಿದು, ಖಾರ ರುಬ್ಬಿ, ಸಾರು ಕುದಿಸಿ, ಆ ರಾತ್ರಿ ತಾನು ಮಾತ್ರ ಒಂದು ಸೌಟು ಹಾಕಿಕೊಂಡು ಉಂಡು, ಉಳಿದದ್ದನ್ನು ನಮಗೆ ಅಂತ ಎತ್ತಿಟ್ಟಿದ್ದಳು. ಬೆಳಿಗ್ಗೆ ಎದ್ದು ಒಂದು ಸಲ ಕುದಿ ಬರಿಸಿದ್ದಳು. ಮಧ್ಯಾಹ್ನ ಇನ್ನೊಂದು ಸಲ. ಕುದಿಸಿದ ಮೇಲೆ ಅದಕ್ಕೆ ಸೌಟು ಹಾಕಬಾರದು, ಮುಚ್ಚಿದ ತಟ್ಟೆ ತೆಗೆಯಬಾರದು. ಅದು ಅವಳ ಕಟ್ಟುನಿಟ್ಟು. ನಾವು ಮನೆಗೆ ಬರುವ ಹೊತ್ತಿಗೆ ಆ ಸಾರು ಮೂರು ಕುದಿ ಕಂಡಿತ್ತು. ನಾಲ್ಕನೆಯದು ನಮ್ಮ ಕಣ್ಣೆದುರಿಗೆ.

ಸೌದೆ ಉರಿಯಲ್ಲಿ ಮಡಕೆ ನಿಧಾನಕ್ಕೆ ಕಾಯುತ್ತದೆ. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ. ಆಮೇಲೆ ಮಧ್ಯದಲ್ಲಿ ಒಂದೇ ಒಂದು ದಪ್ಪ ಗುಳ್ಳೆ ಎದ್ದು, ಒಡೆದು, ಸುಮ್ಮನಾಗುತ್ತದೆ. ಸಾರು ಗಟ್ಟಿಯಾಗಿರುವುದರಿಂದ ತಿಳಿಸಾರಿನ ಹಾಗೆ ಗಲಗಲ ಅನ್ನುವುದಿಲ್ಲ. ಗುಳಕ್ ಅಂತ ಒಂದು ಸದ್ದು, ಬಿಡುವು, ಮತ್ತೆ ಗುಳಕ್. ಬೆಳ್ಳುಳ್ಳಿ, ಸುಟ್ಟ ಈರುಳ್ಳಿ, ಹುಣಸೆಹಣ್ಣು, ಹೊಗೆ, ಎಲ್ಲ ಸೇರಿದ ವಾಸನೆ. ಅಷ್ಟು ಹೊತ್ತಿಗೆ ಪಕ್ಕದ ಒಲೆಯಲ್ಲಿ ಹಿಟ್ಟು ಬೆಂದಿರುತ್ತಿತ್ತು. ಎರಡು ಕಾಲಿನಲ್ಲಿ ಪಾತ್ರೆಯನ್ನು ಒತ್ತಿ ಹಿಡಿದು ಅಜ್ಜಿ ಕೋಲಿನಲ್ಲಿ ತೊಳೆಸುತ್ತಿದ್ದಳು. ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿ ತಟ್ಟೆಗೆ ಇಕ್ಕಿದರೆ ಅದು ಇನ್ನೂ ಹಬೆಯಾಡುತ್ತಿತ್ತು. ಸಾರು ಬಿಡುವಾಗ ಮಾತ್ರ ಸೌಟನ್ನು ತಳಕ್ಕೆ ಇಳಿಸುತ್ತಿದ್ದಳು. ಗಸಿ ಎಲ್ಲ ತಳದಲ್ಲಿ ಕೂತಿರುತ್ತದಲ್ಲ, ಅದು ನನ್ನ ತಟ್ಟೆಗೆ. ಒಂದು ಹನಿ ತುಪ್ಪ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. "ಅಗೀಬ್ಯಾಡ, ನುಂಗು" ಅಂತ ಪ್ರತಿ ರಜೆಯಲ್ಲೂ ಮೊದಲ ದಿನ ಹೇಳಿಕೊಡುತ್ತಿದ್ದಳು. ನಾನು ವರ್ಷವಿಡೀ ಬೆಂಗಳೂರಿನಲ್ಲಿದ್ದು ಮರೆತಿರುತ್ತೇನೆ ಅಂತ.

ತಂಗಳು ಅನ್ನುವ ಪದ

ನಾಚಿಕೆಯ ಬೇರು ಬಹುಶಃ ಈ ಪದದಲ್ಲೇ ಇದೆ. ತಂಗಳು ಅಂದ ಕೂಡಲೇ ಬಡತನ, ಸೋಮಾರಿತನ, ಉಳಿಕೆ ಅನ್ನುವ ಅರ್ಥಗಳು ಜೊತೆಗೇ ಬರುತ್ತವೆ. ಫ್ರಿಜ್ಜಿಗೆ ತಂಗಳುಪೆಟ್ಟಿಗೆ ಅಂತ ಹೆಸರಿಟ್ಟವರೂ ಇದ್ದಾರೆ. ಆದರೆ ಪದದ ಒಳಗೆ ಅಂಥ ಕೀಳು ಅರ್ಥ ಏನೂ ಇಲ್ಲ. ತಣ್ ಅಂದರೆ ತಣ್ಣನೆಯದು, ಕೂಳು ಅಂದರೆ ಊಟ. ತಣ್ಣನೆಯ ಕೂಳೇ ತಂಗೂಳು, ಬಾಯಲ್ಲಿ ಸವೆದು ತಂಗಳು. ಮಲೆನಾಡಿನ ತಂಬುಳಿಯೂ ಇದೇ ಬಳಗದ್ದು, ತಣ್ಣನೆಯ ಹುಳಿ. ತಂಬುಳಿಯನ್ನು ಈಗ ದೊಡ್ಡ ಹೋಟೆಲಿನಲ್ಲಿ ಸಣ್ಣ ಲೋಟದಲ್ಲಿ ಇಟ್ಟು ಬಡಿಸುತ್ತಾರೆ. ತಂಗಳಿಗೆ ಆ ಮರ್ಯಾದೆ ಸಿಗಲಿಲ್ಲ.

ಅಜ್ಜಿಯ ಮನೆಯಲ್ಲಿ ತಂಗಳು ಬೇರೆ, ಹಳಸಿದ್ದು ಬೇರೆ. ಹಳಸಿದ್ದನ್ನು ಅವಳು ದನದ ಬಾನಿಗೂ ಯೋಚನೆ ಮಾಡಿ ಹಾಕುತ್ತಿದ್ದಳು. ತಂಗಳನ್ನು ಮಾತ್ರ ಒಂದೊಂದನ್ನೂ ಒಂದೊಂದು ರೀತಿ ನೋಡಿಕೊಳ್ಳುತ್ತಿದ್ದಳು. ರಾತ್ರಿ ಉಳಿದ ಮುದ್ದೆಯನ್ನು ಮಡಕೆಯ ನೀರಿನಲ್ಲಿ ಬಿಡುವುದು, ಬೆಳಿಗ್ಗೆ ಅದನ್ನು ಕಿವುಚಿ ಮಜ್ಜಿಗೆ, ಉಪ್ಪು ಹಾಕಿ ಅಂಬಲಿ ಮಾಡುವುದು. ನೆಂಚಿಕೊಳ್ಳುವುದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ. ಬಿಸಿಲಿನಲ್ಲಿ ಕಳೆ ಕೀಳುವುದಕ್ಕೆ ಹೋಗುವವರಿಗೆ ಅಷ್ಟು ತಂಪಾದದ್ದು ಇನ್ನೊಂದಿಲ್ಲ. ಉಳಿದ ಅನ್ನಕ್ಕೂ ನೀರು ಹಾಕಿಡುತ್ತಿದ್ದಳು. ಬೆಳಿಗ್ಗೆ ಸಣ್ಣಗೆ ಹುಳಿ ಬಂದಿರುತ್ತಿತ್ತು. ನೀರು ಹಾಕದೆ ಹಾಗೇ ಬಿಟ್ಟರೆ ಮಾರನೇ ದಿನದ ಚಿತ್ರಾನ್ನಕ್ಕೆ. ಚಿತ್ರಾನ್ನಕ್ಕೆ ನಿಜವಾಗಿ ಬೇಕಾದದ್ದೇ ತಣ್ಣಗಾದ ಅನ್ನ. ಆರಿದಾಗ ಅನ್ನದ ಹಿಟ್ಟಿನಂಶ ಬಿಗಿದುಕೊಳ್ಳುತ್ತದೆ, ಅಗುಳು ಅಗುಳು ಬಿಡಿಯಾಗುತ್ತದೆ. ಬಿಸಿ ಅನ್ನದಲ್ಲಿ ಕಲಸಿದರೆ ಮುದ್ದೆಯಾಗಿಬಿಡುತ್ತದೆ, ಅಲ್ವಾ?

ನಮ್ಮ ಕಡೆಯ ರಾಗಿಯೂ ಹಾಗೇ, ಕಾಯುವುದಕ್ಕೆ ಹುಟ್ಟಿದ ಕಾಳು. ಅಷ್ಟು ಸಣ್ಣ ಕಾಳಿಗೆ ಹುಳ ಬೀಳುವುದು ಕಡಿಮೆ. ನೆಲದಲ್ಲಿ ಹಗೇವು ತೋಡಿ ತುಂಬಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆದು ಊರೇ ಉಂಡ ಕಥೆಗಳನ್ನು ಅಜ್ಜಿ ಹೇಳುತ್ತಿದ್ದಳು. (ತಾತನಿಗೆ ಇಂಡಾಫ್ ರಾಗಿ ಮೇಲೆ ಬಹಳ ಪ್ರೀತಿ. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಮಾಡಿದ ತಳಿಗಳು. 1970ರ ದಶಕದಿಂದ ನಮ್ಮ ಹೊಲಗಳಿಗೆ ಬಂದವು. ತೆನೆ ದಪ್ಪ, ಇಳುವರಿ ಜಾಸ್ತಿ. ಅಜ್ಜಿ ಮಾತ್ರ ಮನೆಗೆ ಸಾಕಾಗುವಷ್ಟು ನಾಟಿ ರಾಗಿ ಬೇರೆ ಬೆಳೆಸುತ್ತಿದ್ದಳು. ಮುದ್ದೆ ತಂಗಳಾದರೂ ಬಿರಿಯಲ್ಲ ಅನ್ನುವುದು ಅವಳ ಕಾರಣ.)

ಸಾರು ಕೂರಬೇಕು

ನಿನ್ನೆಯದು ಯಾಕೆ ಇಷ್ಟು ರುಚಿ ಅನ್ನುವುದಕ್ಕೆ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು. "ಸಾರು ಕುಂತ್ಕೋಬೇಕು." ನಾನು ಅಡುಗೆ ಮಾಡಲು ಶುರು ಮಾಡಿದ ಮೇಲೆ ಇದನ್ನು ಕೈಯಾರೆ ಕಲಿತೆ.

ಬಸ್ಸಾರು ಮಾಡುವ ರೀತಿಯನ್ನು ನೀವೆಲ್ಲ ಬಲ್ಲಿರಿ. ಆದರೂ ಒಂದು ಹೆಜ್ಜೆ ಬಗ್ಗೆ ಹೇಳಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ಮೇಲೆ ಪಲ್ಯಕ್ಕೆ ಹೋಗುವ ಆ ಬೆಂದ ರಾಶಿಯಿಂದ ಒಂದು ಹಿಡಿಯನ್ನು ತೆಗೆದು ಖಾರದ ಜೊತೆ ರುಬ್ಬುತ್ತೇವಲ್ಲ, ಗುಟ್ಟೆಲ್ಲ ಆ ಹಿಡಿಯಲ್ಲಿದೆ. ಸಾರಿಗೆ ಮೈ ಬರುವುದು ಅದರಿಂದ. ಮೊದಲ ದಿನ ಅದು ಕಟ್ಟಿನ ನೀರಿನ ಜೊತೆ ಬೆರೆತಿರುತ್ತದೆ ಅಷ್ಟೇ, ಒಂದಾಗಿರುವುದಿಲ್ಲ. ನಾಲಿಗೆಗೆ ಒಂದೊಂದೂ ಬೇರೆ ಬೇರೆ ಸಿಗುತ್ತದೆ. ಇದು ಬೆಳ್ಳುಳ್ಳಿ, ಇದು ಹುಳಿ, ಇದು ಮೆಣಸು. ಆರುತ್ತಾ ಹೋದಂತೆ ಕಾಳಿನ ಹಿಟ್ಟಿನಂಶ ನೀರನ್ನು ಹಿಡಿದುಕೊಂಡು ಸಾರು ಮಂದವಾಗುತ್ತದೆ. ಅಲ್ಲೊಂದು ಇಲ್ಲೊಂದು ಉಳಿದ ಕಾಳಿನ ಒಳಕ್ಕೆ ಉಪ್ಪು, ಖಾರ ಇಳಿಯುತ್ತದೆ. ಬೆಳ್ಳುಳ್ಳಿಯ ಘಾಟು ಎರಡು ಮೂರು ಕುದಿಯಲ್ಲಿ ಅಡಗಿ ಸಿಹಿಯ ಕಡೆಗೆ ತಿರುಗುತ್ತದೆ. ಹುಣಸೆಹಣ್ಣಿನ ಚುರುಕು ತೆಂಗಿನಕಾಯಿಯ ಜೊತೆ ಹೊಂದಿಕೊಳ್ಳುತ್ತದೆ. ಮಾರನೇ ದಿನ ಬಾಯಿಗೆ ಹಾಕಿದರೆ ಯಾವುದು ಯಾವುದು ಅಂತ ಹೇಳುವುದಕ್ಕೆ ಆಗುವುದಿಲ್ಲ. ಸಾರು ಅಷ್ಟೇ.

ಒಬ್ಬಟ್ಟಿನ ಸಾರು ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ. ಅದೂ ಬಸಿದ ನೀರಿನಿಂದ ಹುಟ್ಟಿದ್ದೇ, ಬೇಳೆಯ ಕಟ್ಟು. ಯುಗಾದಿ ದಿನ ಒಬ್ಬಟ್ಟಿನ ಮುಂದೆ ಅದನ್ನು ಯಾರೂ ಕೇಳುವುದಿಲ್ಲ. ಮಾರನೇ ದಿನ ಹೊಸತೊಡಕು, ಮನೆ ತುಂಬ ಮಾಂಸದ ಸಾರಿನ ಘಮ, ಆಗಲೂ ಅದು ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಮೂರನೇ ದಿನ ನೆಂಟರೆಲ್ಲ ಹೊರಟು, ಮನೆ ಖಾಲಿಯಾಗಿ, ಹಬ್ಬ ಮುಗಿದ ಬೇಸರದಲ್ಲಿ ಇರುತ್ತೇವಲ್ಲ, ಆಗ ಆ ಸಾರಿನ ದಿನ. ಸಣ್ಣ ಸಿಹಿ, ಹುಳಿ, ಖಾರ, ತಳದಲ್ಲಿ ಕೆನೆಯಂಥ ಹೂರಣ. ಬಿಸಿ ಅನ್ನ, ತುಪ್ಪ. ಹಬ್ಬದ ಅತಿ ಒಳ್ಳೆಯ ಊಟ ನನಗೆ ಅದೇ, ಈಗಲೂ. ಉತ್ತರ ಕರ್ನಾಟಕದವರು ಕಟ್ಟಿನ ಸಾರಿನ ಬಗ್ಗೆ ಹೇಳುವುದೂ ಇದನ್ನೇ. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ವಿಜಯಪುರದ ಹುಡುಗಿಗಂತೂ ರೊಟ್ಟಿಯೇ ತಿಂಗಳಷ್ಟು ಹಳೆಯದು. ಊರಿಂದ ಬರುವಾಗ ಕಡಕ್ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು, ಜೊತೆಗೆ ಶೇಂಗಾ ಹಿಂಡಿ. ಪರೀಕ್ಷೆ ಸಮಯದಲ್ಲಿ ರಾತ್ರಿ ಹನ್ನೆರಡಕ್ಕೆ ಆ ರೊಟ್ಟಿ ಮುರಿಯುವ ಸದ್ದು ನಮ್ಮನ್ನೆಲ್ಲ ಅವಳ ಮಂಚಕ್ಕೆ ಎಳೆಯುತ್ತಿತ್ತು. ಯಾವತ್ತೋ, ಎಲ್ಲೋ, ಅವಳ ಅಮ್ಮ ತಟ್ಟಿದ ರೊಟ್ಟಿ.

ಎಲ್ಲವೂ ಮಾರನೇ ದಿನಕ್ಕೆ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಟೊಮೆಟೊ ತಿಳಿಸಾರಿನ ಘಮ ಒಂದು ಗಂಟೆಯಲ್ಲಿ ಹಾರಿಹೋಗುತ್ತದೆ. ಉಪ್ಪಿಟ್ಟು ಬಾಣಲೆಯಿಂದ ನೇರ ತಟ್ಟೆಗೆ ಬರಬೇಕು. ಮತ್ತೆ ಉಳಿಸುವುದಕ್ಕೂ ಒಂದು ಶಿಸ್ತು ಬೇಕು. ಬೆಚ್ಚಗಿನ ಅಡುಗೆಮನೆಯಲ್ಲಿ ಅನ್ನವನ್ನು ಗಂಟೆಗಟ್ಟಲೆ ಸುಮ್ಮನೆ ಬಿಟ್ಟರೆ ಅದರಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಾನು ಸಾರಾಗಲಿ ಅನ್ನವಾಗಲಿ ಆರಿದ ತಕ್ಷಣ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು, ಚೆನ್ನಾಗಿ ಕುದಿ ಬರಿಸುತ್ತೇನೆ. ಮೈಕ್ರೋವೇವಿನಲ್ಲಿ ಬೆಚ್ಚಗೆ ಮಾಡಿದರೆ ಬಸ್ಸಾರಿಗೆ ನ್ಯಾಯ ಸಿಗುವುದಿಲ್ಲ. ಅದಕ್ಕೆ ಆ ಗುಳಕ್ ಬೇಕು.

ಈಗಿನ ನಮ್ಮ ಊಟಕ್ಕೆ ನಾಳೆ ಅನ್ನುವುದೇ ಇಲ್ಲ ಅನ್ನುವುದು ನನ್ನನ್ನು ಬಹಳ ಕಾಡುತ್ತದೆ. ರಾತ್ರಿ ಎಂಟಕ್ಕೆ ಫೋನ್ ತೆಗೆದು ತರಿಸುವ ಬಿರಿಯಾನಿ ಆ ರಾತ್ರಿಗೇ ಮುಗಿಯುತ್ತದೆ. ಒಬ್ಬರಿಗೆ ಒಂದು ಡಬ್ಬಿ, ಅಳತೆ ಸರಿಯಾಗಿ. ಮನೆಯಲ್ಲಿ ಮಾಡಿದರೂ ಕಪ್ಪಿನಲ್ಲಿ ಅಳೆದು, ಮೂರು ಜನಕ್ಕೆ ಮೂರು ಜನದ್ದೇ ಮಾಡುತ್ತೇವೆ. ಅಜ್ಜಿ ಯಾವತ್ತೂ ಎಷ್ಟು ಜನ ಅಂತ ಎಣಿಸಿ ಅಡುಗೆ ಮಾಡಿದವಳಲ್ಲ. ನಾಳೆಗೆ ಒಂದಿಷ್ಟು, ಯಾರಾದರೂ ಬಂದರೆ ಅಂತ ಒಂದಿಷ್ಟು. ಮನೆಯೂಟದಲ್ಲಿ ನನಗೆ ನೆಮ್ಮದಿ ಕೊಡುವುದು ರುಚಿಗಿಂತ ಜಾಸ್ತಿ ಇದೇ. ನಾಳೆ ಬೆಳಿಗ್ಗೆ ನೀನಿರುತ್ತೀಯ, ನಿನಗೆ ಹಸಿವಾಗುತ್ತದೆ ಅಂತ ಯಾರೋ ಇವತ್ತೇ ಯೋಚನೆ ಮಾಡಿರುತ್ತಾರೆ.

ಇಷ್ಟನ್ನೆಲ್ಲ ಬರೆದು ಮುಗಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ಅವ್ವನಿಗೆ ಫೋನ್ ಮಾಡಿದೆ.

ಅವ್ವ ಹೇಳಿದ್ದು

ಅಜ್ಜಿ ಬೆರಕೆ ಸೊಪ್ಪಿಗೆ ಯಾವ್ಯಾವ ಸೊಪ್ಪು ಹಾಕುತ್ತಿದ್ದಳು ಅಂತ ಕೇಳುವುದಕ್ಕೆ ಮಾಡಿದ ಫೋನು ಅದು. ಅಣ್ಣೆ ಸೊಪ್ಪು, ಕೀರೆ, ಹೊನಗೊನೆ, ಗಣಿಕೆ, ಸಿಕ್ಕಿದರೆ ಎಳೆ ಹುರುಳಿ ಕುಡಿ ಅಂತ ಅವ್ವ ಹೇಳುತ್ತಾ ಹೋದಳು. ನಾನು ಖುಷಿಯಲ್ಲಿ, "ನಿಂಗೂ ಮಾರ್ನೇ ದಿನದ ಸಾರೇ ಇಷ್ಟ ಅಲ್ವಾ ಅವ್ವ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನಂಗೆ ತಂಗ್ಳು ಅಂದ್ರೆ ಆಗಕ್ಕಿಲ್ಲ ಕಣೆ" ಅಂದಳು.

ನನಗೆ ಗೊತ್ತೇ ಇರಲಿಲ್ಲ. ಮದುವೆಯಾದ ಮೇಲೆ ಅವ್ವ ಆ ಮನೆಯಲ್ಲಿ ಆರು ವರ್ಷ ಇದ್ದಳು, ಅಪ್ಪನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವವರೆಗೆ. ಹನ್ನೊಂದು ಜನರ ಮನೆ. ಮೊದಲು ಗಂಡಸರು ಉಣ್ಣುತ್ತಿದ್ದರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ, ಕೊನೆಗೆ ಸೊಸೆಯರು. ಕೊನೆಗೆ ಬರುವಷ್ಟರಲ್ಲಿ ಹೊಸ ಮುದ್ದೆ ಮುಗಿದಿರುತ್ತಿತ್ತು. ಹಿಂದಿನ ರಾತ್ರಿಯ ಮುದ್ದೆ ನೀರಲ್ಲಿ ಇರುತ್ತಿತ್ತು. ಅದನ್ನು ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಂಡು ಪಾತ್ರೆ ತೊಳೆಯುವುದಕ್ಕೆ ಹೋಗಬೇಕು. ನಾನು ಹೊಟ್ಟೆಯಲ್ಲಿದ್ದಾಗಲೂ ಹಾಗೇ. "ಬಿಸಿ ಮುದ್ದೆ ಉಣ್ಬೇಕು ಅಂತ ಆಸೆ ಆಗದು. ಕೇಳಕ್ಕೆ ನಾಚ್ಕೆ" ಅಂದಳು. ಆಮೇಲೆ ತಾನೇ ಸೇರಿಸಿದಳು, "ನಿಮ್ಮಜ್ಜಿ ಕೆಟ್ಟೋಳಲ್ಲ ಕಣೆ. ಅವ್ಳೂ ಹಂಗೇ ಉಂಡ್ಕಂಡ್ ಬಂದೋಳು."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ತಟ್ಟೆಗೆ ತಳದ ಗಸಿ ಬಿಟ್ಟ ಅದೇ ಕೈ, ಅದೇ ಮಡಕೆ, ಅದೇ ನೆಲುವು. ರಜೆಗೆ ಬಂದ ಮೊಮ್ಮಗಳಿಗೆ ನಿನ್ನೆಯ ಸಾರು ಅಂದರೆ ಎತ್ತಿಟ್ಟದ್ದು. ಸೊಸೆಗೆ ಅದು ಮಿಕ್ಕಿದ್ದು. ಎತ್ತಿಡುವುದಕ್ಕೂ ಮಿಗುವುದಕ್ಕೂ ಇಷ್ಟು ವ್ಯತ್ಯಾಸ ಇದೆ ಅಂತ ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಮೊದಲು ಯಾರಿಗೆ ಬಡಿಸಿದರು, ಕೊನೆಗೆ ಯಾರು ಉಂಡರು, ಕೇಳಿ ಪಡೆಯುವ ಹಕ್ಕು ಯಾರಿಗಿತ್ತು ಅನ್ನುವುದನ್ನು ಬಿಟ್ಟು ಹಳೆಯ ಅಡುಗೆಮನೆಯ ರುಚಿಯ ಬಗ್ಗೆ ಬರೆಯಬಾರದು ಅನ್ನಿಸಿತು. ಬಾಗಿಲಲ್ಲಿ ಗೆಳತಿ ನಿಂತಾಗ ನನ್ನ ನಾಲಿಗೆಗೆ ಬಂದ ನಾಚಿಕೆ ಅವ್ವನದ್ದೇ ಇರಬೇಕು. ಬೆಂಗಳೂರಿನ ನಮ್ಮ ಮನೆಯಲ್ಲಿ ಅವ್ವ ಯಾರಿಗೂ, ಹಾಲು ಹಾಕುವವರಿಗೂ, ನಿನ್ನೆಯ ಊಟ ಬಡಿಸಿದ್ದನ್ನು ನಾನು ನೋಡಿಲ್ಲ. ಅದು ಬಂದವರ ಮೇಲಿನ ಮರ್ಯಾದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಹೋದ ಶುಕ್ರವಾರ ಅವ್ವ ಬಂದಳು. ಬರುತ್ತೇನೆ ಅಂತ ಹೇಳಿದ್ದಳಾದ್ದರಿಂದ ಗುರುವಾರ ರಾತ್ರಿಯೇ ಸಾರು ಮಾಡಿದೆ. ಬೆಂಗಳೂರಿನಲ್ಲಿ ಅಣ್ಣೆ ಸೊಪ್ಪು ಸಿಗಲಿಲ್ಲ. ದಂಟಿನ ಸೊಪ್ಪು, ಸಬ್ಬಸಿಗೆ, ಸ್ವಲ್ಪ ಮೆಂತ್ಯ, ಅಲಸಂದೆ ಕಾಳು. ಈರುಳ್ಳಿಯನ್ನು ಗ್ಯಾಸಿನ ಉರಿ ಮೇಲೆ ಜಾಲರಿ ಇಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟೆ. ಕುದಿಸಿ, ಆರಿಸಿ, ಒಳಗಿಟ್ಟೆ. ಶುಕ್ರವಾರ ಮಧ್ಯಾಹ್ನ ಅವ್ವ ಸ್ನಾನ ಮುಗಿಸಿ ಬರುವವರೆಗೆ ಮುದ್ದೆಗೆ ಎಸರು ಮಾತ್ರ ಇಟ್ಟು ಕಾದೆ. ಅವಳು ಬಂದು ಕೂತ ಮೇಲೆ ಹಿಟ್ಟು ಹಾಕಿದೆ. ಎದ್ದು ಬಂದು ಸಹಾಯ ಮಾಡುತ್ತೇನೆ ಅಂದಳು. ಬೇಡ ಅಂದೆ. ಮಗಳು ಸ್ಕೂಲಿಂದ ಬರಲಿ, ಎಲ್ಲರೂ ಒಟ್ಟಿಗೆ ಉಣ್ಣೋಣ ಅಂದಳು. ಅದಕ್ಕೂ ಬೇಡ ಅಂದೆ.

ಹಬೆಯಾಡುವ ಮುದ್ದೆಯನ್ನು ತಟ್ಟೆಗೆ ಇಕ್ಕಿ, ಸೌಟನ್ನು ತಳಕ್ಕೆ ಇಳಿಸಿ ಗಸಿಯನ್ನೇ ಎತ್ತಿ ಬಿಟ್ಟೆ. ತುಪ್ಪ ಹಾಕಿದೆ. ಅವ್ವ ಒಂದು ತೊಟ್ಟು ಸಾರನ್ನು ನಾಲಿಗೆಗೆ ಇಟ್ಟು ನನ್ನ ಕಡೆ ನೋಡಿದಳು. ನಿನ್ನೆಯದು ಅಂತ ಅವಳಿಗೆ ಗೊತ್ತಾಯಿತು. ಏನೂ ಹೇಳಲಿಲ್ಲ. ಮುದ್ದೆಗೆ ಬೆರಳು ಹಾಕಿದಳು.

"ಅಬ್ಬಾ, ಸುಡ್ತದೆ" ಅಂದಳು. ಕೈ ಹಿಂದಕ್ಕೆ ತೆಗೆಯಲಿಲ್ಲ. ಒಂದು ತುತ್ತು ಮುರಿದು, ಊದಿ, ಸಾರಿನಲ್ಲಿ ಹೊರಳಿಸಿ ನುಂಗಿದಳು. ಇನ್ನೊಂದು. ಇನ್ನೊಂದು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಮುದ್ದೆ ಮುಗಿಯುವವರೆಗೆ ಮಾತಾಡಲಿಲ್ಲ. ಮುಗಿದ ಮೇಲೆ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ಸರಿಸಿ, "ಬಿಸಿದು ಐತಾ ಇನ್ನೂ?" ಅಂತ ಕೇಳಿದಳು.

"ಐತೆ ಕಣವ್ವ" ಅಂದು ಎದ್ದೆ.